ಮೇಲೆ ನೋಡುವವರ ಕತ್ತು



“ಮೂಳೆ ಸವೆದೈತಂತೆ ಡಾಕ್ಟ್ರೆ.” ದಬ್ಬೇಘಟ್ಟ, ಮಾಯಸಂದ್ರ, ತುರುವೇಕೆರೆ ಕಡೆಯಿಂದ ಕತ್ತುನೋವು ಎಂದು ಬರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳುವ ಮಾತು ಇದು. ಹೇಳುತ್ತಲೇ ಪ್ಲಾಸ್ಟಿಕ್ ಕವರಿನಿಂದ ಸುರುಳಿ ಸುತ್ತಿದ ಎಕ್ಸ್‌ರೇ ಹೊರಗೆ ಬರುತ್ತದೆ. ಆ ಮಾತಿನಲ್ಲಿ ಎರಡು ತಪ್ಪುಗಳಿವೆ. ವಯಸ್ಸಾದ ಕತ್ತಿನಲ್ಲಿ ಆಗುವುದು ಹೆಚ್ಚಾಗಿ ಮೂಳೆಯ ಸವೆತವಲ್ಲ, ಬೆಳವಣಿಗೆ. ಅಂಚುಗಳಲ್ಲಿ ಹೊಸ ಮೂಳೆ ಮೂಡುತ್ತದೆ. ಎರಡನೆಯದು, ಚಿತ್ರದಲ್ಲಿ ಕಂಡದ್ದೇ ನೋವಿಗೆ ಕಾರಣ ಎಂದು ಅಷ್ಟು ಸುಲಭವಾಗಿ ಹೇಳಲು ಬರುವುದಿಲ್ಲ. ಇವೆರಡನ್ನೂ ಬಿಡಿಸಿ ಹೇಳಬೇಕಾದರೆ ಕತ್ತಿನ ಒಳಗೆ ಒಂದು ಸುತ್ತು ಹೋಗಿಬರಬೇಕು.

ತಲೆಯನ್ನು ಮುಂದಕ್ಕೆ ಬಗ್ಗಿಸಿ, ಹಿಂಗತ್ತಿನ ನಡುವೆ ಬೆರಳಿಟ್ಟು ಮೆಲ್ಲಗೆ ಕೆಳಗೆ ಸರಿಸಿ. ಅಂಗಿಯ ಕಾಲರ್ ಕೂರುವ ಜಾಗದಲ್ಲಿ ಒಂದು ಗಂಟು ಎದ್ದು ಸಿಗುತ್ತದೆ. ಸಾಮಾನ್ಯವಾಗಿ ಅದು ಕತ್ತಿನ ಏಳನೆಯ ಮಣಿ, ಕಟ್ಟಕಡೆಯದು. ಉಳಿದ ಆರು ಅದರ ಮೇಲೆ ಸ್ನಾಯುಗಳ ಅಡಿಯಲ್ಲಿವೆ. ಜಿರಾಫೆಗೂ ಏಳೇ, ನಮ್ಮ ಅಟ್ಟದ ಇಲಿಗೂ ಏಳೇ. ಹಾಲೂಡುವ ಪ್ರಾಣಿಗಳಲ್ಲಿ ಸ್ಲಾತ್ ಮತ್ತು ಮ್ಯಾನಟಿ ಎಂಬ ಎರಡು ಬಗೆಯವನ್ನು ಬಿಟ್ಟರೆ ಈ ಲೆಕ್ಕ ತಪ್ಪುವುದಿಲ್ಲ.

ಮೇಲಿನ ಎರಡು ಮಣಿಗಳ ರೀತಿಯೇ ಬೇರೆ. ಮೊದಲನೆಯದು ಬರೀ ಬಳೆ. ನಾಲ್ಕೂವರೆ, ಐದು ಕಿಲೋ ತೂಗುವ ತಲೆ ಇದರ ಮೇಲೆ ಕೂತಿದೆ. ಎರಡನೆಯದಕ್ಕೆ ಮೇಲ್ಮುಖವಾಗಿ ಒಂದು ಗೂಟವಿದ್ದು, ಬಳೆ ಆ ಗೂಟದ ಸುತ್ತ ತಿರುಗುತ್ತದೆ. ತಲೆಯನ್ನು ಮೇಲೆ ಕೆಳಗೆ ಆಡಿಸಿ ಹೂಂ ಅನ್ನುವುದು ಬಹುಪಾಲು ತಲೆಬುರುಡೆಗೂ ಮೊದಲ ಮಣಿಗೂ ನಡುವೆ ನಡೆಯುವ ಚಲನೆ. ಅಡ್ಡಡ್ಡ ತಿರುಗಿಸಿ ಊಹೂಂ ಅನ್ನುವುದು ಒಂದು ಮತ್ತು ಎರಡನೆಯ ಮಣಿಗಳ ಕೆಲಸ. ಎಳೆಯ ವಯಸ್ಸಿನವರ ಕತ್ತು ಒಂದೊಂದು ಕಡೆಗೆ ಸುಮಾರು 80 ಡಿಗ್ರಿ ತಿರುಗಿದರೆ, ಅದರಲ್ಲಿ ಅರ್ಧದಷ್ಟು ಇದೊಂದೇ ಕೀಲಿನಲ್ಲಿ ಆಗುತ್ತದೆ. ನಾವು ಹಳ್ಳಿಗರು ಒಪ್ಪಿಗೆ ಕೊಡುವಾಗ ಮಾತ್ರ ಹಾಗೂ ಆಡಿಸುವುದಿಲ್ಲ, ಹೀಗೂ ತಿರುಗಿಸುವುದಿಲ್ಲ; ತಲೆಯನ್ನು ಭುಜದ ಕಡೆ ವಾಲಿಸಿ ಓಲಾಡಿಸುತ್ತೇವೆ. ಈ ಓಲಾಟಕ್ಕೆ ಕೆಳಗಿನ ಮಣಿಗಳೂ ಬೇಕು. ಅಲ್ಲಿನ ಕೀಲುಗಳ ಇಳಿಜಾರು ಹೇಗಿದೆಯೆಂದರೆ, ಕತ್ತು ಪಕ್ಕಕ್ಕೆ ವಾಲಿದಾಗ ಒಂದಿಷ್ಟು ತಿರುಗಲೇಬೇಕು. ಹೆಣ್ಣು ನೋಡಲು ಹೋದ ಮನೆಯಲ್ಲಿ ಯಜಮಾನರು ಸುಮ್ಮನೆ ತಲೆಯಾಡಿಸಿದರು ಎನ್ನುತ್ತೇವಲ್ಲ, ಆ ಹೊತ್ತಿಗೆ ಅವರ ಇಡೀ ಕತ್ತು ಕೆಲಸ ಮಾಡಿರುತ್ತದೆ.

ಎರಡನೆಯ ಮಣಿಯಿಂದ ಕೆಳಕ್ಕೆ, ಮಣಿ ಮಣಿಯ ನಡುವೆ ಒಂದೊಂದು ಬಿಲ್ಲೆ. ಡಿಸ್ಕ್ ಎಂದರೆ ಈಗ ಎಲ್ಲರಿಗೂ ಗೊತ್ತು. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ನೀರು ತುಂಬಿದ ಮೆತ್ತನೆಯ ತಿರುಳು. ಮಣಿಗಳ ಹಿಂದೆ, ಒಂದರ ಕೆಳಗೊಂದು ಸೇರಿ ಆದ ಕೊಳವೆಯಲ್ಲಿ ಮಿದುಳಿನಿಂದ ಇಳಿದ ಬೆನ್ನುಹುರಿ. ಕತ್ತಿನ ಭಾಗದಲ್ಲಿ ಈ ಕೊಳವೆ ಹಿಂದುಮುಂದಾಗಿ ಸರಾಸರಿ 17 ಮಿಲಿಮೀಟರ್ ಅಗಲ. ಹುರಿಯ ದಪ್ಪ 8ರಿಂದ 10 ಮಿಲಿಮೀಟರ್. ಉಳಿದಷ್ಟು ಜಾಗವೇ ನಮ್ಮ ಬಂಡವಾಳ. ಕೆಲವರಿಗೆ ಹುಟ್ಟಿನಿಂದಲೇ ಕೊಳವೆ 13 ಮಿಲಿಮೀಟರಿಗಿಂತ ಕಿರಿದಾಗಿರುತ್ತದೆ. ಅಂಥವರಿಗೆ ಐವತ್ತರ ನಂತರ ತೊಂದರೆ ಬರುವ ಸಂಭವ ಹೆಚ್ಚು. ಬೆನ್ನುಹುರಿಯಿಂದ ಎಂಟು ಜೊತೆ ನರಗಳು ಪಕ್ಕದ ಕಿಂಡಿಗಳಲ್ಲಿ ಹೊರಬಿದ್ದು ಕತ್ತಿಗೆ, ಭುಜಕ್ಕೆ, ಕೈಗೆ, ಬೆರಳಿಗೆ ಹೋಗುತ್ತವೆ.

ಈಗ ತೋಟಕ್ಕೆ ಬನ್ನಿ. ಕಾಯಿ ಕೀಳುವ ದಿನ ಉದ್ದನೆಯ ಗಳದ ತುದಿಗೆ ಕುಡುಗೋಲು ಕಟ್ಟಿ ನೆಲದಲ್ಲೇ ನಿಂತು ಗೊನೆ ಕೊಯ್ಯುವವರನ್ನು ಪಕ್ಕದಿಂದ ನೋಡಿ. ಮೋರೆ ಆಕಾಶಕ್ಕೆ, ಹೆಡತಲೆ ಬೆನ್ನಿಗೆ ತಾಗುವಷ್ಟು ಹಿಂದೆ. ಎರಡು ಕೈಯೂ ತಲೆಯಿಂದ ಮೇಲೆ, ಗಳದ ಭಾರವೆಲ್ಲ ಭುಜದ ಮೇಲೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೂ ಕುಡುಗೋಲು ಯಾವ ಗೊನೆಯ ಬುಡಕ್ಕೆ ಸಿಕ್ಕಿದೆ ಎಂದು ಕಣ್ಣು ಕೀಳದೆ ನೋಡಬೇಕು, ಎಳೆಯಬೇಕು, ತಕ್ಷಣ ಪಕ್ಕಕ್ಕೆ ಸರಿಯಬೇಕು. ಆಮೇಲೆ ಮುಂದಿನ ಮರ. ಹೀಗೆ ಹೊತ್ತು ನೆತ್ತಿಗೇರುವ ತನಕ.

ಹಿಂದಕ್ಕೆ ಬಾಗಿದ ಕತ್ತಿನೊಳಗೆ ಏನಾಗುತ್ತದೆ? ಕೊಳವೆಯ ಹಿಂಗೋಡೆಯಲ್ಲಿ ಹಳದಿ ಬಣ್ಣದ, ಹಿಗ್ಗಿ ಕುಗ್ಗುವ ಒಂದು ಕಟ್ಟುನಾರಿದೆ. ಕತ್ತು ಹಿಂದೆ ಬಾಗಿದಾಗ ಅದು ಸಡಿಲಗೊಂಡು ಮಡಿಚಿ ಒಳಕ್ಕೆ ಉಬ್ಬುತ್ತದೆ. ಕೊಳವೆ ಕಿರಿದಾಗುತ್ತದೆ, ನರಗಳ ಕಿಂಡಿಗಳೂ ಕಿರಿದಾಗುತ್ತವೆ. ಮುಂದಕ್ಕೆ ಬಾಗಿದಾಗ ಇದರ ಉಲ್ಟಾ. ಪೇಟೆಯಲ್ಲಿ ಎಲ್ಲರೂ ಮೊಬೈಲ್ ನೋಡುವ ಬಾಗಿದ ಕತ್ತನ್ನೇ ಬಯ್ಯುತ್ತಾರೆ. 2014ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯರೊಬ್ಬರು, ಕತ್ತು 60 ಡಿಗ್ರಿ ಬಾಗಿದರೆ ಅದರ ಮೇಲೆ 27 ಕಿಲೋದಷ್ಟು ಭಾರ ಬೀಳುತ್ತದೆ ಎಂದು ಬರೆದದ್ದು ವಾಟ್ಸಾಪಿನಲ್ಲಿ ಇನ್ನೂ ಓಡಾಡುತ್ತಿದೆ. ಅದು ಗಣಕದಲ್ಲಿ ಕಟ್ಟಿದ ಲೆಕ್ಕ, ಜನರ ಕತ್ತಿನಲ್ಲಿ ಅಳೆದದ್ದಲ್ಲ. ಬಾಗಿದ ಕತ್ತಿನಲ್ಲಿ ಸ್ನಾಯು ದಣಿಯುತ್ತದೆ, ಸರಿ. ಆದರೆ ಐವತ್ತು ದಾಟಿದವರ ನರಕ್ಕೂ ಹುರಿಗೂ ಇಕ್ಕಟ್ಟಾಗುವುದು ಹೆಚ್ಚಾಗಿ ಮೇಲೆ ನೋಡಿದಾಗ. ತೆಂಗಿನ ಸೀಮೆಯ ನಮಗೆ ಇದನ್ನು ಯಾರೂ ಹೇಳಿಲ್ಲ ಎಂಬುದು ನನ್ನ ತಕರಾರು.

ಇನ್ನೊಂದು ವಿಷಯವಿದೆ. ಅಮೆರಿಕದಲ್ಲಿ 11ರಿಂದ 97 ವರ್ಷದ 337 ಜನರ ಕತ್ತಿನ ಚಲನೆ ಅಳೆದು 1992ರಲ್ಲಿ ಪ್ರಕಟಿಸಿದರು. ಹತ್ತು ವರ್ಷ ವಯಸ್ಸು ಏರಿದಂತೆ ಕತ್ತು ಪಕ್ಕಕ್ಕೆ ವಾಲುವುದು, ತಿರುಗುವುದು ಸುಮಾರು 3 ಡಿಗ್ರಿ ಕಡಿಮೆಯಾದರೆ, ಹಿಂದಕ್ಕೆ ಬಾಗುವುದು ಸುಮಾರು 5 ಡಿಗ್ರಿ ಕಡಿಮೆಯಾಗುತ್ತದೆ. ವಯಸ್ಸು ಹೆಚ್ಚು ಕಿತ್ತುಕೊಳ್ಳುವ ಚಲನೆ ಯಾವುದೋ, ನಮ್ಮ ಕಸುಬು ಹೆಚ್ಚು ಕೇಳುವ ಚಲನೆಯೂ ಅದೇ. ಇಪ್ಪತ್ತೈದರ ಹುಡುಗ ಕತ್ತಿನಿಂದಲೇ ಮರದ ತುದಿ ನೋಡುತ್ತಾನೆ. ಅರವತ್ತರವರು ಅಷ್ಟೇ ಎತ್ತರ ನೋಡಬೇಕಾದರೆ ಸೊಂಟವನ್ನೂ ಹಿಂದಕ್ಕೆ ಬಗ್ಗಿಸಬೇಕು. ಸಂಜೆ “ಸೊಂಟಾನೂ ಹಿಡ್ಕಂಡೈತೆ” ಎನ್ನುವುದು ಅದಕ್ಕೇ.

ಚಲನೆ ಕಡಿಮೆಯಾಗುವುದೇಕೆ? ಬಿಲ್ಲೆ ಒಣಗುತ್ತದೆ. ಹುಟ್ಟಿದ ಮಗುವಿನ ಬಿಲ್ಲೆಯ ತಿರುಳಿನಲ್ಲಿ ನೂರಕ್ಕೆ 80ರಿಂದ 90 ಪಾಲು ನೀರು; ಮುಪ್ಪಿನಲ್ಲಿ ಅದು 70ರ ಆಸುಪಾಸಿಗೆ ಇಳಿಯುತ್ತದೆ. ಬೆಳೆದವರ ಬಿಲ್ಲೆಯೊಳಕ್ಕೆ ರಕ್ತನಾಳ ಹೋಗುವುದಿಲ್ಲ. ಮೇಲಿನ ಕೆಳಗಿನ ಮಣಿಗಳಿಂದ ಒಸರಿ ಬಂದದ್ದೇ ಅದಕ್ಕೆ ಆಹಾರ. ಬೀಡಿ ಸಿಗರೇಟು ಆ ಒಸರನ್ನು ಇನ್ನೂ ಕೆಡಿಸುತ್ತವೆ. ಒಣಗುವುದೆಂದರೇನು ಎಂದು ತಿಪಟೂರು ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಎಂಟು ತಿಂಗಳು, ವರ್ಷ ಕಳೆಯುವಷ್ಟರಲ್ಲಿ ಒಳಗಿನ ನೀರು ಇಂಗಿ, ತಿರುಳು ಕುಗ್ಗಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಅನ್ನುತ್ತದೆ. ಅದನ್ನು ಯಾರೂ ಕೆಟ್ಟ ಕಾಯಿ ಎನ್ನುವುದಿಲ್ಲ. ಕೊಬ್ಬರಿ ಆಯಿತು ಎನ್ನುತ್ತಾರೆ. ಬಿಲ್ಲೆಯೂ ಒಣಗುತ್ತದೆ, ಎಲ್ಲರದೂ ಒಣಗುತ್ತದೆ, ಮತ್ತು ಅದಷ್ಟೇ ಆದರೆ ಅದು ರೋಗವಲ್ಲ.

ಒಣಗಿದ ಬಿಲ್ಲೆ ತೆಳ್ಳಗಾದಾಗ ಮಣಿಗಳು ಹತ್ತಿರ ಬರುತ್ತವೆ. ಭಾರ ಅಂಚಿಗೆ, ಹಿಂದಿನ ಪುಟ್ಟ ಕೀಲುಗಳಿಗೆ ಸರಿಯುತ್ತದೆ. ಆ ಭಾರಕ್ಕೆ ಉತ್ತರವಾಗಿ ದೇಹ ಅಂಚಿನಲ್ಲಿ ಮೂಳೆ ಬೆಳೆಸಿ ನೆಲೆ ಅಗಲ ಮಾಡಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಕೊಕ್ಕಿನ ಹಾಗೆ ಕಾಣುವುದು ಇದು. ಐದು ಮತ್ತು ಆರನೆಯ ಮಣಿಗಳ ನಡುವೆ, ಆರು ಮತ್ತು ಏಳರ ನಡುವೆ ಇದು ಹೆಚ್ಚು. ಈ ಎಲ್ಲಕ್ಕೂ ಸೇರಿ ಸ್ಪಾಂಡಿಲೋಸಿಸ್ ಎಂದು ಹೆಸರು.

ಜಪಾನಿನಲ್ಲಿ ಯಾವ ತೊಂದರೆಯೂ ಇಲ್ಲದ 1,211 ಜನರನ್ನು, ಇಪ್ಪತ್ತರ ಹರೆಯದವರಿಂದ ಎಪ್ಪತ್ತು ದಾಟಿದವರವರೆಗೆ, ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ನೋಡಿದರು. 2015ರಲ್ಲಿ ಬಂದ ಆ ವರದಿಯ ಪ್ರಕಾರ ನೂರಕ್ಕೆ 87.6 ಜನರಲ್ಲಿ ಬಿಲ್ಲೆ ಉಬ್ಬಿತ್ತು. ಅವರಿಗೆ ನೋವಿರಲಿಲ್ಲ, ಜೋಮಿರಲಿಲ್ಲ. ಅಂದಮೇಲೆ ಕತ್ತು ನೋಯುತ್ತಿರುವ ನಿಮ್ಮ ಸ್ಕ್ಯಾನಿನಲ್ಲೂ ಬಿಲ್ಲೆ ಉಬ್ಬಿದ್ದರೆ ಅದರಿಂದಲೇ ನೋವು ಎಂದು ಹೇಗೆ ಹೇಳುವುದು? ಹೆಚ್ಚಿನ ಕತ್ತುನೋವು ಸ್ನಾಯುಗಳದು, ಸಣ್ಣ ಕೀಲುಗಳದು. ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ.

ಹೊರೆಯ ಮಾತು ಬಿಡುವ ಹಾಗಿಲ್ಲ. ಸಿಂಬೆಯಿಟ್ಟು ಅದರ ಮೇಲೆ ಮಂಕರಿ ತುಂಬ ಕಾಯಿ ಹೊತ್ತು ನಡೆಯುವ ಹೆಂಗಸರ ನಡಿಗೆ ನೋಡಿದರೆ ಆ ಕತ್ತುಗಳ ಬಗ್ಗೆ ಮರುಕಕ್ಕಿಂತ ಮೆಚ್ಚುಗೆಯೇ ಮೊದಲು ಬರುತ್ತದೆ. ಭಾರ ನೆತ್ತಿಯ ಮೇಲೆ ನೇರ ಕೂತಿರುವಾಗ ಸ್ನಾಯುಗಳಿಗೆ ಅಷ್ಟು ಎಳೆದಾಟವಿಲ್ಲ. ಆದರೆ ಬಿಲ್ಲೆ ಆ ಭಾರವನ್ನು ತಪ್ಪಿಸಿಕೊಳ್ಳಲಾರದು. ಆಫ್ರಿಕದಲ್ಲಿ ತಲೆಹೊರೆಯವರನ್ನೂ ಹೊರೆ ಹೊರದವರನ್ನೂ ಹೋಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರುವವರ ಕತ್ತಿನ ಮಣಿಗಳಲ್ಲಿ ಬದಲಾವಣೆ ಬಹಳ ಹೆಚ್ಚು ಕಂಡಿತು. ಸೋಮನ ಕುಣಿತದಲ್ಲಿ ಮನುಷ್ಯರ ಮುಖಕ್ಕಿಂತ ಎಷ್ಟೋ ದೊಡ್ಡದಾದ ಸೋಮನ ಮುಖ ಹೊತ್ತು ಕುಣಿಯುವವರನ್ನು ಹಾಗೆ ಯಾರಾದರೂ ಪರೀಕ್ಷಿಸಬೇಕು ಎಂಬ ಆಸೆ ನನಗಿದೆ. ಹೊತ್ತು ನಿಲ್ಲುವುದು ಬೇರೆ, ಹೊತ್ತು ಕುಣಿಯುವುದು ಬೇರೆ.

ಇನ್ನು ನಿಜವಾದ ತೊಂದರೆಗಳಿಗೆ ಬರೋಣ. ಅವು ಎರಡು ಬಗೆ. ಒಂದು ಕೂಗಿ ಹೇಳುತ್ತದೆ, ಇನ್ನೊಂದು ಬಾಯಿಬಿಡುವುದಿಲ್ಲ.

ಕೂಗುವುದು ನರ. ಕಿಂಡಿಯಲ್ಲಿ ನರ ಸಿಕ್ಕಿಕೊಂಡರೆ ಕತ್ತಿನಿಂದ ಭುಜಕ್ಕೆ, ತೋಳಿಗೆ, ಬೆರಳಿಗೆ ಸೆಳೆತ ಹರಿಯುತ್ತದೆ. ಹೆಬ್ಬೆರಳ ಕಡೆ ಜೋಮು ಹಿಡಿದರೆ ಆರನೆಯ ನರ, ನಡುಬೆರಳಾದರೆ ಏಳನೆಯದು, ಕಿರುಬೆರಳಾದರೆ ಎಂಟನೆಯದು ಎಂದು ಅಂದಾಜು ಮಾಡಬಹುದು. ರಾತ್ರಿಯೆಲ್ಲ ನಿದ್ದೆ ಇರುವುದಿಲ್ಲ. ಇಂಥವರೊಬ್ಬರು ಜಗಲಿಯ ಮೇಲೆ ನೋವಿನ ಕೈಯನ್ನು ನೆತ್ತಿಯ ಮೇಲೆ ಇಟ್ಟುಕೊಂಡು ಕೂತಿದ್ದರು. ಒಳಗಿನಿಂದ ಬಂದ ತಾಯಿ ಗದರಿದರು: “ಯಾಕೋ ಹಿಂಗೆ ತಲೆ ಮೇಲೆ ಕೈ ಹೊತ್ಕಂಡ್ ಕೂತಿದ್ದೀಯ, ಮನೆಗೆ ಒಳ್ಳೇದಲ್ಲ ಕಣೋ, ಇಳ್ಸು ಕೈಯ.” ಇಳಿಸಿದರೆ ನೋವು. ಕೈ ಮೇಲೆತ್ತಿದಾಗ ನರದ ಎಳೆತ ಸಡಿಲವಾಗುತ್ತದೆ. ನಮ್ಮ ಪರೀಕ್ಷೆಯಲ್ಲಿ ಅದೂ ಒಂದು ಗುರುತು. ಮನೆಯವರೇ, ತಲೆ ಮೇಲೆ ಕೈ ಹೊತ್ತವರನ್ನು ಬಯ್ಯುವ ಮೊದಲು ಕೈ ನೋಯುತ್ತಿದೆಯೇ ಎಂದು ಕೇಳಿ. ಈ ನೋವು ಘೋರವಾಗಿದ್ದರೂ ಬಹುಪಾಲು ಜನರಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಕೈಯ ಬಲ ಕುಂದುತ್ತಿದ್ದರೆ ಮಾತ್ರ ಕಾಯಬೇಡಿ.

ಬಾಯಿಬಿಡದ್ದು ಬೆನ್ನುಹುರಿ. ಬಿಲ್ಲೆಯ ಉಬ್ಬು, ಮೂಳೆಯ ಕೊಕ್ಕು, ದಪ್ಪಗಾದ ಕಟ್ಟುನಾರು ಎಲ್ಲ ಸೇರಿ ಕೊಳವೆಯನ್ನು ಇಕ್ಕಟ್ಟು ಮಾಡಿ ಹುರಿಯನ್ನೇ ಅದುಮತೊಡಗಿದಾಗ, ಕತ್ತು ನೋಯಲೇಬೇಕೆಂದಿಲ್ಲ. ಕೆಡುವುದು ಕೈಚಳಕ ಮತ್ತು ನಡಿಗೆ. ಅಂಗಿಯ ಗುಂಡಿ ಹಾಕಲು ತಡವಾಗುತ್ತದೆ. ಹೂ ಕಟ್ಟುವವರ ಮಾಲೆ ಸಡಿಲ ಬೀಳುತ್ತದೆ, ಮುದ್ದೆ ಮುರಿದು ಸಾರಿಗೆ ಅದ್ದುವಾಗ ಕೈಯಿಂದ ಜಾರುತ್ತದೆ. ನಡೆಯುತ್ತಾ ಹೋಗುವಾಗ ಒಂದು ಕಾಲಿನ ಹವಾಯಿ ಚಪ್ಪಲಿ ಕಳಚಿಬಿದ್ದಿರುತ್ತದೆ. ನಾಲ್ಕು ಹೆಜ್ಜೆ ಮುಂದೆ ಹೋದಮೇಲೆ ಯಾರೋ ಕೂಗಿ ಹೇಳಬೇಕು. ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖ ತೊಳೆಯುವಾಗ ತೂರಾಡುತ್ತಾರೆ, ಕತ್ತಲಲ್ಲಿ ಗೋಡೆ ಹಿಡಿಯುತ್ತಾರೆ. ಕೆಲವರಿಗೆ ತಲೆ ಬಗ್ಗಿಸಿದೊಡನೆ ಬೆನ್ನುಗುಂಟ ಕರೆಂಟು ಹೊಡೆದಂತಾಗುತ್ತದೆ. ಮೂತ್ರದ ಹಿಡಿತ ತಪ್ಪುವುದು ಕೊನೆಗೆ. ಮನೆಯವರು “ವಯಸ್ಸಾಯ್ತಲ್ಲ” ಎಂದುಬಿಡುತ್ತಾರೆ, ರೋಗಿಯೂ ಒಪ್ಪಿಕೊಳ್ಳುತ್ತಾರೆ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದೊಂದನ್ನೇ: ನೋವಿರುವ ಕತ್ತಿಗೆ ಅಂಜುವುದಕ್ಕಿಂತ ನೋವಿಲ್ಲದೆ ಬಿಗುಹತ್ತಿದ ಕಾಲಿಗೆ, ಮೊಂಡಾದ ಬೆರಳಿಗೆ ಅಂಜಿ. ಅದಕ್ಕೆ ಎಂ.ಆರ್.ಐ. ಬೇಕು, ಮಿದುಳು ನರಗಳ ತಜ್ಞರು ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್ ಎಂದರೆ ಬರೀ ಮನಸ್ಸಿನ ಕಾಯಿಲೆಯ ಆಸ್ಪತ್ರೆ ಎಂದು ನಮ್ಮಲ್ಲಿ ಇನ್ನೂ ಅನೇಕರು ಹಿಂಜರಿಯುತ್ತಾರೆ. ಅಲ್ಲಿ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯೂ ನಡೆಯುತ್ತದೆ. ಕತ್ತಿನ ಮುಂಭಾಗದಿಂದಲೇ, ಗಂಟಲ ಪಕ್ಕದಲ್ಲಿ ದಾರಿ ಮಾಡಿಕೊಂಡು ಬಿಲ್ಲೆ ತೆಗೆಯುವ ವಿಧಾನ 1950ರ ದಶಕದಿಂದ ಬಳಕೆಯಲ್ಲಿದೆ. ಹುರಿಗೆ ಆದ ಪೆಟ್ಟು ಪೂರ್ತಿ ವಾಸಿಯಾಗುವ ಭರವಸೆ ಯಾರೂ ಕೊಡಲಾರರು. ಮುಂದೆ ಕೆಡದಂತೆ ತಡೆಯುವುದೇ ಮುಖ್ಯ. ಬೇಗ ಹೋಗಿ ಎನ್ನುವುದು ಅದಕ್ಕೆ.

ಇದನ್ನು ವೈದ್ಯರೇ ಗುರುತಿಸಿ ಬಹಳ ಕಾಲವಾಗಿಲ್ಲ. ಮುಪ್ಪಿನ ಕತ್ತು ಬೆನ್ನುಹುರಿಯನ್ನು ಅದುಮುವ ಬಗೆಯನ್ನು 1952ರಲ್ಲಿ ಲಂಡನ್ನಿನ ರಸೆಲ್ ಬ್ರೈನ್ ಮತ್ತು ಸಂಗಡಿಗರು ವಿವರವಾಗಿ ಬರೆದರು. ಬ್ರೈನ್ ಎಂಬ ಹೆಸರಿನ ವೈದ್ಯರು, ಬ್ರೈನ್ ಎಂಬ ಹೆಸರಿನದೇ ಪತ್ರಿಕೆಯಲ್ಲಿ.

ನಮ್ಮದೇ ಜಿಲ್ಲೆಯ ಪಾವಗಡ, ಶಿರಾ ಕಡೆಯವರಿಗೆ ಒಂದು ಮಾತು. ಅಲ್ಲಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನಕ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕತ್ತಿನ ಕಟ್ಟುನಾರುಗಳೇ ಮೂಳೆಗಟ್ಟಿ ಹುರಿಯನ್ನು ಅದುಮಬಹುದು. ನಮ್ಮ ದೇಶದಲ್ಲಿ ಈ ರೋಗದ ಮೊದಲ ವರದಿ ಬಂದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ಅದು ವಯಸ್ಸಿನ ಕೆಲಸವಲ್ಲ, ನೀರಿನ ಕೆಲಸ.

ಏನು ಮಾಡಬೇಕು? ಕಾಯಿ ಕೀಳುವವರು ಮರದ ಬುಡಕ್ಕೆ ಅಂಟಿಕೊಂಡು ನಿಲ್ಲದೆ ಗಳ ಎಟುಕುವಷ್ಟು ದೂರ ಸರಿದು ನಿಂತರೆ ಕತ್ತು ಅಷ್ಟು ಹಿಂದೆ ಬಾಗಬೇಕಾಗಿಲ್ಲ. ನಾಲ್ಕಾರು ಮರಕ್ಕೊಮ್ಮೆ ಗಳ ಕೈ ಬದಲಾಗಲಿ. ಅರವತ್ತು ದಾಟಿದವರು ಕೆಳಗೆ ಕಾಯಿ ಎಣಿಸಲಿ, ಮೇಲೆ ನೋಡುವ ಕೆಲಸ ಹುಡುಗರಿಗಿರಲಿ. ದಿಂಬು ಒಂದೇ ಇರಲಿ, ಕತ್ತು ಬೆನ್ನಿನ ಸಮಕ್ಕೆ ಬರುವಷ್ಟು ಎತ್ತರದ್ದು. ಅಂಗೈಯನ್ನು ಹಣೆಗೆ, ಹಿಂದಲೆಗೆ, ಕಪಾಲಕ್ಕೆ ಒತ್ತಿಹಿಡಿದು ತಲೆ ಅಲುಗದಂತೆ ಎದುರೊತ್ತುವ ವ್ಯಾಯಾಮ ಹತ್ತು ನಿಮಿಷದ್ದು, ಖರ್ಚಿಲ್ಲದ್ದು. ಕತ್ತಿನ ಪಟ್ಟಿಯನ್ನು ನಾಲ್ಕು ದಿನಕ್ಕಿಂತ ಹೆಚ್ಚು ಕಟ್ಟಿಕೊಂಡು ತಿರುಗಬೇಡಿ, ಸ್ನಾಯು ಸೋಮಾರಿಯಾಗುತ್ತದೆ. ಪಟ್ಟಿ ಹಾಕಿದವರನ್ನು ನೋಡಿದ ಊರಿನವರ ಅನುಕಂಪ ಬೇರೆ ಸಿಗುತ್ತದೆ, ಬಿಚ್ಚಲು ಮನಸ್ಸೇ ಬರುವುದಿಲ್ಲ!

ಕ್ಷೌರದಂಗಡಿಯಲ್ಲಿ ನೆಟಿಕೆ ತೆಗೆಸಿಕೊಳ್ಳುವ ಚಟವನ್ನಂತೂ ಬಿಡಿ. ಮೇಲಿನ ಆರು ಮಣಿಗಳ ಪಕ್ಕದ ತೂತುಗಳಲ್ಲಿ ಮಿದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಹತ್ತಿಹೋಗುತ್ತವೆ. ಗಬಕ್ಕನೆ ತಿರುಚಿದಾಗ ನಾಳದ ಒಳಪದರ ಹರಿದು, ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆದ ಉದಾಹರಣೆಗಳಿವೆ. ಅಪರೂಪ ನಿಜ, ಆದರೆ ಒಂದು ಲಟಕ್ ಸದ್ದಿಗಾಗಿ ತೆರುವಷ್ಟು ಸಣ್ಣ ಬೆಲೆಯಲ್ಲ.

ಕೊನೆಗೆ ಬೀಳುವವರ ವಿಷಯ. ಮರದಿಂದ ಬಿದ್ದವರನ್ನು ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಿ ನೀರು ಕುಡಿಸುವುದು ನಮ್ಮಲ್ಲಿ ವಾಡಿಕೆ. ಹಾಗೆ ಮಾಡಬೇಡಿ. 108ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಒಬ್ಬರು ತಲೆಯ ಎರಡೂ ಕಡೆ ಕೈಯಿಟ್ಟು ಅಲುಗದಂತೆ ಹಿಡಿದಿರಿ. ಎತ್ತಲೇಬೇಕಾದರೆ ತಲೆ, ಮೈ ಒಂದೇ ಗೆರೆಯಲ್ಲಿರುವಂತೆ ನಾಲ್ಕು ಜನ ಸೇರಿ ಹಲಗೆಗೆ ಸರಿಸಿ. ಇದು ಎತ್ತರದಿಂದ ಬಿದ್ದವರ ಮಾತಾಯಿತು. ವಯಸ್ಸಾದವರಿಗೆ ಎತ್ತರ ಬೇಕಾಗಿಲ್ಲ. ಬಚ್ಚಲಲ್ಲಿ ಜಾರಿ ಹಣೆ ಬಡಿದರೆ ಸಾಕು, ಕತ್ತು ಒಮ್ಮೆಲೆ ಹಿಂದಕ್ಕೆ ಬಾಗಿ, ಮೊದಲೇ ಇಕ್ಕಟ್ಟಾದ ಕೊಳವೆಯಲ್ಲಿ ಹುರಿ ಜಜ್ಜಿಹೋಗಬಹುದು. ಮೂಳೆ ಮುರಿದಿರುವುದಿಲ್ಲ, ಎಕ್ಸ್‌ರೇಯಲ್ಲಿ ಹೊಸದೇನೂ ಕಾಣುವುದಿಲ್ಲ. ಎದ್ದು ನಡೆದಾಡಿಬಿಡುತ್ತಾರೆ ಕೂಡ, ಏಕೆಂದರೆ ಈ ಪೆಟ್ಟಿನಲ್ಲಿ ಕಾಲಿಗಿಂತ ಕೈಗೆ ಹೆಚ್ಚು ಬಾಧೆ. ಅಂಗೈ ಉರಿ, ಬೆರಳು ಮಡಿಸಲಾಗದಿರುವುದು, ಲೋಟ ಹಿಡಿಯಲಾಗದಿರುವುದು ಕಂಡರೆ, “ನಡೀತಾವ್ರಲ್ಲ, ಏನಾಗಿಲ್ಲ ಬಿಡಿ” ಎಂದು ಮನೆಯಲ್ಲಿ ಮಲಗಿಸಬೇಡಿ. ಅದೇ ದಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ, ಬಿದ್ದ ರೀತಿಯನ್ನೂ ಕೈಯ ತೊಂದರೆಯನ್ನೂ ಮೊದಲು ಹೇಳಿ.